ಯಾತ್ರೆಯೂ ಪಂಚಾಚಾರವೂ

ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ದೇವರನ್ನು ಅರಸುತ್ತ ಊರೂರು ಅಲೆಯಬೇಕಾದ ಅಗತ್ಯವಿಲ್ಲ. ಶರೀರವನ್ನೇ ಶಿವಾಲಯವನ್ನಾಗಿ ಮಾಡಿಕೊಳ್ಳಬೇಕೆಂದು ಶರಣರು ಬೋಧಿಸಿದರು. ಮನಸ್ಸಿನ ಕೊಳೆಯನ್ನು ಕಳೆದುಕೊಳ್ಳದೆ ಹೊಳೆಯಲ್ಲಿ ಮುಳುಗಿ ಏಳುವುದರಿಂದ ಪ್ರಯೋಜನವಿಲ್ಲವೆಂದು ಎಚ್ಚರಿಸಿದರು. ಹಾಗಾದರೆ ಭಕ್ತನು ಯಾತ್ರೆಯನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದರು. ಶರಣರು ಖಂಡಿಸಿದುದು ಸಂಚಾರವನ್ನಲ್ಲ, ಆಚಾರವಿಲ್ಲದ ಸಂಚಾರವನ್ನು.

ಯಾತ್ರಿಕನು ಹಿಂದಿರುಗಿದ ಮೇಲೆ ಆ ಸ್ಥಳವು ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬುದೇ ಈ ವಿಷಯದ ತಿರುಳು. ಲೋಕವು ಇದನ್ನು ಇತ್ತೀಚೆಗೆ ಸುಸ್ಥಿರ ಪ್ರವಾಸವೆಂದು ಕರೆಯುತ್ತಿದೆ. ವಿಶ್ವಸಂಸ್ಥೆಯು 2017ನೆಯ ವರ್ಷವನ್ನು ಇದಕ್ಕಾಗಿಯೇ ಮೀಸಲಿಟ್ಟಿತ್ತು. ನಿಸರ್ಗಕ್ಕೆ ಹಾನಿಯಾಗಬಾರದು, ಅಲ್ಲಿಯ ಜನರಿಗೆ ಜೀವನೋಪಾಯ ದೊರೆಯಬೇಕು, ಅವರ ನಡೆನುಡಿಗಳಿಗೂ ಪುರಾತನ ಸ್ಮಾರಕಗಳಿಗೂ ಗೌರವ ಸಲ್ಲಬೇಕು ಎಂಬುವೇ ಅದರ ಮುಖ್ಯ ತತ್ತ್ವಗಳು. ಪಂಚಾಚಾರಗಳನ್ನು ಬಲ್ಲ ಸದ್ಭಕ್ತನಿಗೆ ಇವು ಹೊಸ ಮಾತುಗಳಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೆಲವು ಸ್ಥಳಗಳನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ವಿಚಾರಿಸಬಹುದು.

ಮೊದಲನೆಯದು ಲಿಂಗಾಚಾರ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು ಎರಡು ಗುಡ್ಡಗಳ ನಡುವಣ ಇಕ್ಕಟ್ಟಿಗೆ ಏರಿಯನ್ನು ಕಟ್ಟಿ ನಿಲ್ಲಿಸಿದ ಮಹಾಜಲಾಶಯ. ಶಾಂತವ್ವೆಯೆಂಬ ಸ್ತ್ರೀಯು ಅದನ್ನು ಕಟ್ಟಿಸಿದಳೆಂದು ಜನರು ಹೇಳುತ್ತಾರೆ. ಶಾಂತಿಸಾಗರವೆಂಬ ಹೆಸರೂ ಅದಕ್ಕುಂಟು. ಸಿದ್ಧನಾಲೆ, ಬಸವನಾಲೆಗಳು ಅದರ ನೀರನ್ನು ಹೊಲಗದ್ದೆಗಳಿಗೆ ಒಯ್ಯುತ್ತವೆ. ಚಿತ್ರದುರ್ಗ ನಗರದ ಜನರು ಕುಡಿಯುವ ನೀರಿನಲ್ಲಿಯೂ ಈ ಕೆರೆಯ ಪಾಲಿದೆ. ಇಂತಹ ನೀರಿಗೆ ಬಾಡಿದ ಹೂಪತ್ರೆಗಳನ್ನೂ ಹಳೆಯ ಬಟ್ಟೆಗಳನ್ನೂ ಒಡೆದ ದೇವರ ಪಟಗಳನ್ನೂ ಎಸೆದು ಪುಣ್ಯ ಬಂದಿತೆಂದು ತಿಳಿಯುವವನು ಅಂಗೈಯ ಲಿಂಗವನ್ನು ಮರೆತವನೇ ಸರಿ. ಪಾದೋದಕವನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಸ್ವೀಕರಿಸುವ ಭಕ್ತನು, ಕಾಣದ ಊರಿನ ಕೂಸು ಕುಡಿಯುವ ನೀರನ್ನು ಹೇಗೆ ಕೆಡಿಸಿಯಾನು?

ಎರಡನೆಯದು ಸದಾಚಾರ. ಇದರ ಬೇರು ಸತ್ಯಶುದ್ಧ ಕಾಯಕದಲ್ಲಿದೆ. ಹೊನ್ನಾಳಿಯ ಹಿರೇಕಲ್ಮಠಕ್ಕೆ ಬಂದ ಭಕ್ತನು ಪಂಕ್ತಿಯಲ್ಲಿ ಕುಳಿತಾಗ ಎಲೆಯಲ್ಲಿ ಒಂದಗುಳನ್ನೂ ಬಿಡುವುದಿಲ್ಲ, ಏಕೆಂದರೆ ಅದು ಪ್ರಸಾದ. ಅದೇ ಭಕ್ತನು ತುಂಗಭದ್ರೆಯ ದಡಕ್ಕಿಳಿದು ಚಹ ಕುಡಿದು ಪ್ಲಾಸ್ಟಿಕ್ ಲೋಟವನ್ನು ಹೊಳೆಗೆಸೆದರೆ ಅವನ ಪ್ರಸಾದಬುದ್ಧಿಯು ಮಠದ ಬಾಗಿಲಿನಲ್ಲಿಯೇ ಉಳಿಯಿತೆನ್ನಬೇಕಾಗುತ್ತದೆ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು; ಆದರೆ ಮುತ್ತುಗದ ಎಲೆಯಲ್ಲಿ ಉಂಡು ಬೆಳೆದವರಿಗೆ ಈ ವಿಷಯದಲ್ಲಿ ಕಾನೂನಿನ ಭಯ ಬೇಕಾಗಬಾರದು. ಮತ್ತೊಂದು ಮಾತು. ಎಲ್ಲವನ್ನೂ ಪಟ್ಟಣದಿಂದ ಹೊತ್ತು ತಂದು, ಸ್ಥಳೀಯರಿಗೆ ಕಸವನ್ನು ಮಾತ್ರ ಬಿಟ್ಟುಹೋಗುವುದು ಸದಾಚಾರವಲ್ಲ. ಕಾಯಿ, ಹೂವು, ಮಂಡಕ್ಕಿಗಳನ್ನು ಆ ಊರಿನವರಲ್ಲಿಯೇ ಕೊಂಡರೆ ಒಂದು ಮನೆಯ ಒಲೆ ಉರಿಯುವುದು. ಅಂತೆಯೇ ಜಾತ್ರೆಯ ಜನವನ್ನು ಕಂಡು ಬೆಲೆಯನ್ನು ಎರಡು ಪಟ್ಟು ಏರಿಸುವ ಅಂಗಡಿಯವನೂ ಕಾಯಕಕ್ಕೆ ಎರವಾದವನೇ.

ಮೂರನೆಯದಾದ ಶಿವಾಚಾರವು ಮೇಲುಕೀಳೆನ್ನದ ಸಮಭಾವವನ್ನು ಕಲಿಸುತ್ತದೆ. ಜಗಳೂರು ಮಳೆ ಕಡಮೆಯಾದ ಬಯಲುಸೀಮೆ. ಕೊಡದಗುಡ್ಡದ ವೀರಭದ್ರಸ್ವಾಮಿಯ ದರ್ಶನಕ್ಕೆ ಬಂದವನು ಹೊಳೆದಂಡೆಯ ಊರಿನಲ್ಲಿ ನೀರನ್ನು ಬಳಸುವಂತೆ ಇಲ್ಲಿ ಬಳಸಿದರೆ, ಆ ನೀರು ಹಳ್ಳಿಯ ಹೆಣ್ಣುಮಗಳ ಕೊಡದಿಂದಲೇ ಕಡಮೆಯಾದೀತು. ಆಕೆಗೆಷ್ಟೋ ತನಗೂ ಅಷ್ಟೇ ಎಂದು ಬಗೆಯುವುದೇ ಶಿವಾಚಾರ. ಈ ಸಮಭಾವವು ಮನುಷ್ಯರಲ್ಲಿಯೇ ನಿಲ್ಲತಕ್ಕುದಲ್ಲ. ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿಸಲಾಯಿತು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಮೃಗವು ಬಹಳ ಅಂಜುಕುಳಿ. ಒಂಟಿಯಾಗಿ ಪೊದೆಗಳ ಮರೆಯಲ್ಲಿ ಬಾಳುವಂಥದು. ಕೂಗಾಟದಿಂದಲೂ ಧ್ವನಿವರ್ಧಕದ ಅಬ್ಬರದಿಂದಲೂ ಅದನ್ನು ಬೆದರಿಸುವವನಿಗೆ ಸರ್ವಜೀವದಯೆಯ ಮಾತನ್ನಾಡುವ ಅಧಿಕಾರವೆಲ್ಲಿಯದು?

ನಾಲ್ಕನೆಯದು ಭೃತ್ಯಾಚಾರ, ಎಂದರೆ ತಾನು ಎಲ್ಲರಿಗಿಂತ ಕಿರಿಯನೆಂಬ ಭಾವ. ನ್ಯಾಮತಿ ತಾಲ್ಲೂಕಿನಲ್ಲಿ, ಬೆಳಗುತ್ತಿಗೆ ಸಮೀಪದ ಗುಡ್ಡದಲ್ಲಿ ತೀರ್ಥರಾಮೇಶ್ವರ ಕ್ಷೇತ್ರವಿದೆ. ಶ್ರೀರಾಮನು ಬಾಣದಿಂದ ಭೇದಿಸಿದ ಕಡೆ ನೀರು ಚಿಮ್ಮಿತೆಂಬುದು ಸ್ಥಳಪುರಾಣ. ಒರತೆಯ ಜಲವು ವರ್ಷವಿಡೀ ಹರಿಯುತ್ತದೆ. ಬರುವ ಜನರು ನೂರಾದರೂ ಹತ್ತು ಸಾವಿರವಾದರೂ ಒರತೆಯು ತನ್ನ ಅಳತೆಯನ್ನು ಮೀರಿ ಕೊಡಲಾರದು. ಆದಕಾರಣ ಜನರೇ ಒರತೆಯ ಅಳತೆಗೆ ಬಾಗಬೇಕು. ಜನಸಂದಣಿಯ ದಿನವನ್ನು ಬಿಟ್ಟು ಇನ್ನೊಂದು ದಿನ ಬರುವುದು, ವಾಹನವನ್ನು ಗುಡ್ಡದ ಕೆಳಗೇ ನಿಲ್ಲಿಸಿ ನಡೆಯುವುದು, ಸೋಪು ಸೀಗೆಗಳನ್ನು ತೀರ್ಥಕ್ಕೆ ತರದಿರುವುದು, ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಆದರೂ ತನ್ನ ಸೌಖ್ಯವನ್ನು ಸ್ಥಳದ ಹಿತಕ್ಕೆ ಅಧೀನಗೊಳಿಸಿದವನೇ ನಿಜವಾದ ಭೃತ್ಯನು.

ಐದನೆಯದು ಗಣಾಚಾರ. ಅನ್ಯಾಯವನ್ನು ಕಂಡೂ ಕಾಣದಂತಿರುವುದು ಗಣಾಚಾರಿಗೆ ಒಪ್ಪದು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಹನುಮಪ್ಪನಾಯಕನು ಕಟ್ಟಿಸಿದ ಪುಷ್ಕರಣಿಯೂ ಅದರ ನಡುವೆ ವಸಂತಮಂಟಪವೂ ಇವೆ. ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರಖಾನೆಯಿದೆ. ಅದರ ಹೆಸರಿನ ಅರ್ಥವೇ ದಾರಿಹೋಕರ ತಂಗುದಾಣವೆಂದು. ದಾರಿಹೋಕರಿಗಾಗಿ ನಿಂತ ಮನೆಯನ್ನು ದಾರಿಹೋಕರೇ ಕೆಡಿಸಬಾರದು. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸುವವರಿಗೆ 1958ರ ಕಾಯಿದೆಯು, 2010ರ ತಿದ್ದುಪಡಿಯಂತೆ, ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತಲು ಹೊರಟ ಬಾಲಕನ ಕೈಯನ್ನು ಮೊದಲು ಹಿಡಿಯಬೇಕಾದವರು ಅವನ ತಂದೆತಾಯಿಗಳು. ಕೋಪದಿಂದಲ್ಲ, ಮೃದುವಚನದಿಂದ. ಅನ್ಯರ ತಪ್ಪನ್ನು ಎತ್ತಿ ಆಡುವ ಮುನ್ನ ತನ್ನ ಪರಿವಾರವನ್ನು ತಿದ್ದುವುದೇ ಗಣಾಚಾರದ ಮೊದಲ ಮೆಟ್ಟಲು.

ಪುಣ್ಯವು ಕ್ಷೇತ್ರದಲ್ಲಿ ರಾಶಿ ಬಿದ್ದಿರುವ ವಸ್ತುವಲ್ಲ, ಹೋದವರೆಲ್ಲ ಬಾಚಿಕೊಂಡು ಬರುವುದಕ್ಕೆ. ಹೋದವನ ನಡತೆಯಲ್ಲಿ ಅದು ಹುಟ್ಟಬೇಕು. ಜಂಗಮವೆಂದರೆ ಚಲಿಸುವುದು, ಚಲಿಸಿದಲ್ಲೆಲ್ಲ ಅರಿವನ್ನು ಹಂಚುವುದು ಜಂಗಮದ ಲಕ್ಷಣ. ಒಂದೆರಡು ದಿನಗಳ ಮಟ್ಟಿಗಾದರೂ ಮನೆಬಿಟ್ಟು ಚಲಿಸುವ ಗೃಹಸ್ಥನು ಆ ಲಕ್ಷಣದ ಒಂದಂಶವನ್ನಾದರೂ ತಾಳಲಿ. ಬುತ್ತಿಯ ಗಂಟಿನೊಡನೆ ಒಂದು ಬಟ್ಟೆಯ ಚೀಲವನ್ನೂ ಒಯ್ದು, ತನ್ನ ಕಸವನ್ನು ತಾನೇ ಹಿಂದಕ್ಕೆ ತರಲಿ. ಅವನು ಹೋಗುವಾಗ ತಿಳಿಯಾಗಿದ್ದ ನೀರು ಅವನು ಮರಳಿದ ಮೇಲೆಯೂ ತಿಳಿಯಾಗಿದ್ದರೆ ಆ ಯಾತ್ರೆಯು ಸಫಲವೆಂದೂ, ಶಿವನು ಅದನ್ನು ದಾಸೋಹವೆಂದೇ ಕೈಕೊಳ್ಳುವನೆಂದೂ ಸದ್ಭಕ್ತರು ನಂಬಬಹುದು.