ವರದಿ ಬರಲಿಲ್ಲ ಎಂದರೆ ಎಲ್ಲವೂ ಸರಿ ಇದೆಯೇ?



ಇಂದಿನ ಚಿಂತನೆ: ಕೆಟ್ಟ ಸುದ್ದಿ ಬಾರದಿರುವುದು ಒಳ್ಳೆಯ ಸುದ್ದಿಯೇ?

ಶಾಲೆಯ ಹಾಜರಿಯನ್ನು ಗೂಗಲ್ ಶೀಟಿನಲ್ಲಿ ತುಂಬಿದರೆ, ಸತತ ಮೂರು ದಿನ ಬಾರದ ಮಕ್ಕಳ ಪಟ್ಟಿ ಪ್ರತಿ ಸಂಜೆ ತಾನಾಗಿಯೇ ಇಮೇಲ್ ಆಗುವಂತೆ ಸ್ಕ್ರಿಪ್ಟ್ ಬರೆದಿಡಬಹುದು. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರಿನ ಕಡೆ ದುಡಿಯಲು ಹೊರಟ ಕುಟುಂಬಗಳ ಜೊತೆ ಮಕ್ಕಳೂ ಹೊರಡುತ್ತಾರೆ. ಪಟ್ಟಿ ಬೇಗ ಸಿಕ್ಕರೆ ಮನೆಗೆ ಹೋಗಿ ಮಾತಾಡಬಹುದು. ತಿಂಗಳ ಮೇಲೆ ಸಿಕ್ಕರೆ ಬಾಗಿಲಿಗೆ ಕೀಲಿ ಬಿದ್ದಿರುತ್ತದೆ.

ನಾವು ಓದುವ ಪ್ರತೀತ್ಯ ಸಮುತ್ಪಾದ ಆ ಒಂದು ಇಮೇಲಿನಲ್ಲೂ ಕಾಣುತ್ತದೆ. ಸಮಯಕ್ಕೆ ಸ್ಕ್ರಿಪ್ಟನ್ನು ಎಬ್ಬಿಸುವ ಟ್ರಿಗರ್ ಇರಬೇಕು. ಅದನ್ನು ಇಟ್ಟವರ ಖಾತೆಯ ಅನುಮತಿ ಉಳಿದಿರಬೇಕು. ಉಚಿತ ಜಿಮೇಲ್ ಖಾತೆಯಾದರೆ ದಿನಕ್ಕೆ 100 ಜನರ ಮಿತಿ ದಾಟಿರಬಾರದು. ಒಂದು ತಪ್ಪಿದರೂ ಪತ್ರವಿಲ್ಲ. ಹುಡುಕುವವರು ಕ್ರಮವಾಗಿ ಕೇಳಬೇಕು: ಸ್ಕ್ರಿಪ್ಟ್ ಓಡಿತೇ? ಅರ್ಧಕ್ಕೆ ನಿಂತಿತೇ? ಪತ್ರ ತಲುಪಿತೇ? ಮೊದಲೆರಡರ ಉತ್ತರ ‘ಎಕ್ಸಿಕ್ಯೂಷನ್ಸ್’ ಪುಟದಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಸ್ಪ್ಯಾಮ್ ಡಬ್ಬವನ್ನೂ ನೋಡಬೇಕು.

ಆದರೆ ಹುಡುಕಬೇಕು ಎಂದು ಅನಿಸುವುದಾದರೂ ಹೇಗೆ? ಶಿಕ್ಷಕನಾಗಿ ನನ್ನನ್ನು ಕಾಡುವುದು ಇದೇ. ಪಟ್ಟಿ ಬಾರದ ಸಂಜೆಗೆ ಎರಡು ಅರ್ಥ: ಮಕ್ಕಳೆಲ್ಲ ಬರುತ್ತಿದ್ದಾರೆ, ಇಲ್ಲವೇ ಪಟ್ಟಿ ಕಳಿಸುವುದೇ ಕೆಟ್ಟಿದೆ. ನೋಡಲು ಎರಡೂ ಒಂದೇ. ದಣಿದ ಮನಸ್ಸು ಹಿತವಾದ ಅರ್ಥವನ್ನೇ ಆರಿಸಿಕೊಳ್ಳುತ್ತದೆ. ಸ್ಕ್ರಿಪ್ಟ್ ಸೋತರೆ ಗೂಗಲ್ ಸೂಚನೆ ಕಳಿಸುತ್ತದೆ ನಿಜ, ಆದರೆ ಅದು ಹೋಗುವುದು ಟ್ರಿಗರ್ ಇಟ್ಟವರಿಗೆ. ಅವರು ಬಾಗಲಕೋಟೆಗೋ ಇಳಕಲ್ಲಿಗೋ ವರ್ಗವಾಗಿ ಹೋಗಿದ್ದರೆ?

ರಾತ್ರಿ ಗಸ್ತಿನವ ಕಳ್ಳ ಬಾರದ ದಿನವೂ ಓಣಿಯಲ್ಲಿ ಸೀಟಿ ಊದುತ್ತಾನೆ. ತಾನು ಎಚ್ಚರ ಇದ್ದೇನೆ ಎಂದು ಹೇಳುವುದೂ ಅವನ ಕೆಲಸವೇ. ಸ್ಕ್ರಿಪ್ಟೂ ದಿನಾಲೂ ಬರೆಯಲಿ: “ಇಂದು ಪಟ್ಟಿಯಲ್ಲಿ ಯಾರೂ ಇಲ್ಲ.” ಆಗ ಮೌನಕ್ಕೆ ಒಂದೇ ಅರ್ಥ ಉಳಿಯುತ್ತದೆ. ಆ ಮೌನವನ್ನು ಗಮನಿಸಿ ಫೋನ್ ಮಾಡುವ ಒಬ್ಬರನ್ನೂ ಗೊತ್ತು ಮಾಡಬೇಕು. ಯಂತ್ರಕ್ಕೆ ಕೆಲಸ ಒಪ್ಪಿಸಬಹುದು, ಹೊಣೆ ನಮ್ಮದೇ.

ದೂರು ಹೇಳದವರೆಲ್ಲ ಸುಖವಾಗಿದ್ದಾರೆ ಎಂದು ಊರು ಎಷ್ಟು ಕಾಲ ನಂಬಿತ್ತು ಎಂಬುದು ನಮಗೆ ಗೊತ್ತು. ನಮ್ಮ ಮಕ್ಕಳ ವಿಷಯದಲ್ಲಿ ನಾವೂ ಹಾಗೆ ನಂಬುವುದು ಬೇಡ.

ಇಂದು ಕೇಳಿಕೊಳ್ಳೋಣ: ಬಾರದೇ ಹೋದರೂ ನನ್ನ ಗಮನಕ್ಕೇ ಬಾರದ ಸುದ್ದಿ ಯಾರದು?

ಎಲ್ಲರಿಗೂ ಮಂಗಲವಾಗಲಿ. ಜೈಭೀಮ್.