ನೋಟದ ಋಣ

ಬಯಲುಸೀಮೆಯವನಿಗೆ ಕಡಲು ಒಂದು ವಿಸ್ಮಯವೇ ಸರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ವರ್ಷಕ್ಕೆ 25 ಅಂಗುಲ ಮಳೆಯಾದರೆ ಸುಭಿಕ್ಷವೆಂದು ಭಾವಿಸುವ ಜನರು, ಹುಬ್ಬಳ್ಳಿ ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಅಂಕೋಲೆಯನ್ನು ಸೇರಿದಾಗ, 100 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವ ಬೇರೊಂದು ಲೋಕವನ್ನೇ ಕಾಣುತ್ತಾರೆ. ಗೋಕರ್ಣದ ದರ್ಶನವನ್ನೂ ಕಾರವಾರದ ಮರಳದಂಡೆಯ ವಿಹಾರವನ್ನೂ ಒಂದೇ ಯಾತ್ರೆಯಲ್ಲಿ ಮುಗಿಸಿ ಮರಳುವವರು ಅನೇಕರು. ಕಣ್ಣು ತಣಿಯಿತು, ಹಣ ಸಾರ್ಥಕವಾಯಿತು ಎಂಬಲ್ಲಿಗೆ ಅವರ ಪ್ರವಾಸಕಥೆ ಮುಗಿಯುತ್ತದೆ. ಆದರೆ ಅದು ಅಲ್ಲಿಗೇ ಮುಗಿಯತಕ್ಕದ್ದೇ? ಪರರ ನೆಲವನ್ನು ನೋಡಿ ಸುಖಿಸಿದವನಿಗೆ ಆ ನೆಲದವರ ಋಣವೇನಾದರೂ ಉಂಟೇ? ಇದು ವಿಚಾರಾರ್ಹವಾದ ಪ್ರಶ್ನೆ.

ಈ ಸೀಮೆಯವರು ಕರಾವಳಿಯತ್ತ ಹೊರಟದ್ದು ಇಂದು ನಿನ್ನೆಯ ಮಾತಲ್ಲ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರಲ್ಲಿ ರವಿಕೀರ್ತಿ ಬರೆಯಿಸಿದ ಶಾಸನವು, ಬಾದಾಮಿಯ ಇಮ್ಮಡಿ ಪುಲಕೇಶಿ ಬನವಾಸಿಯನ್ನು ಮುತ್ತಿದುದನ್ನೂ, ಪಶ್ಚಿಮ ಸಮುದ್ರದ ಪುರಿಯ ಮೇಲೆ ನೂರಾರು ನಾವೆಗಳನ್ನು ನಡೆಸಿದುದನ್ನೂ ಕೊಂಡಾಡುತ್ತದೆ. ಮುಂದೆ ಅದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಕಡಲಾಚೆಗೂ ವ್ಯಾಪಾರವನ್ನು ಬೆಳೆಯಿಸಿದರು. ಅರಸನು ಗೆಲ್ಲುವುದಕ್ಕಾಗಿ ನೋಡಿದನು. ವರ್ತಕನು ಕೊಳ್ಳುವುದಕ್ಕಾಗಿ ನೋಡಿದನು. ಯಾತ್ರಿಕನು ನಮಿಸುವುದಕ್ಕಾಗಿ ನೋಡಿದನು. ಇಂದಿನ ಪ್ರವಾಸಿಯಾದರೋ ನೋಡುವುದಕ್ಕಾಗಿಯೇ ನೋಡುತ್ತಾನೆ. ಇದರಿಂದ ಯಾರಿಗೂ ಕೇಡಿಲ್ಲವಾದುದರಿಂದ ಈ ನೋಟ ನಿರ್ದೋಷವೆಂಬುದು ಸಾಮಾನ್ಯರ ಅಭಿಪ್ರಾಯ.

ಆದರೆ ನೋಡಿಸಿಕೊಳ್ಳುವವರ ಕಷ್ಟವನ್ನು ಬಾದಾಮಿ ಐಹೊಳೆಗಳ ಜನರು ಬಲ್ಲರು. ದೇಶಾಂತರದವರು ಬಂದು ಅಗಸ್ತ್ಯತೀರ್ಥದ ಚೆಲುವನ್ನು ಹೊಗಳುತ್ತಾರೆ. ಅದರ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸು ಅವರಿಗೆ ಚಿತ್ರದೊಳಗಿನ ಒಂದು ಬಣ್ಣ ಮಾತ್ರ. ಐಹೊಳೆಯ ಗುಡಿಗಳಲ್ಲಿ ಜನರು ಒಕ್ಕಲಿದ್ದ ಕಾಲವೊಂದಿತ್ತು. ಲಾಡಖಾನ ಗುಡಿಗೆ ಆ ಹೆಸರು ಬಂದುದೂ ಅಲ್ಲಿ ವಾಸವಾಗಿದ್ದವನಿಂದಲೇ. ಕಲ್ಲನ್ನು ಮೆಚ್ಚಿದವರಲ್ಲಿ ಅಲ್ಲಿ ಬಾಳಿದವರು ಎತ್ತ ಹೋದರೆಂದು ಕೇಳಿದವರು ವಿರಳ. ತನ್ನೂರಲ್ಲಿ ಈ ಉಪೇಕ್ಷೆಗೆ ನೊಂದುಕೊಳ್ಳುವವನು ಕಾರವಾರದ ದಂಡೆಯಲ್ಲಿ ಅದನ್ನೇ ಮಾಡಿದರೆ ನ್ಯಾಯವೆಂತಾದೀತು?

ಕಾರವಾರದ ಮಾತಿಗೆ ಇನ್ನೊಂದು ಕಾರಣವುಂಟು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಅದರ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ‘ಮುಳುಗಡೆ’ ಎಂಬ ಮಾತು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ನವನಗರದಲ್ಲಿ ಮನೆ ದೊರೆತರೂ ನೆರೆಹೊರೆ ದೊರೆಯಲಿಲ್ಲವೆಂದು ಹಿರಿಯರು ನಿಡುಸುಯ್ಯುವುದುಂಟು. ಅತ್ತ ಕಾರವಾರದಲ್ಲಿ 1986ರಲ್ಲಿ ಅಡಿಗಲ್ಲು ಕಂಡ ನೌಕಾನೆಲೆ 2005ರಲ್ಲಿ ಕದಂಬವೆಂಬ ಹೆಸರಿನಿಂದ ಸೇವೆಗೆ ಸೇರಿತು. ಅದಕ್ಕಾಗಿ ಅರಗಾ ಮೊದಲಾದ ಊರುಗಳವರು ಮನೆ, ಗದ್ದೆ, ದಂಡೆಗಳನ್ನು ಬಿಟ್ಟು ಹೊರಡಬೇಕಾಯಿತು. ಒಂದು ಕಡೆ ನೀರು ಊರಿಗೆ ಬಂದಿತು. ಇನ್ನೊಂದು ಕಡೆ ಊರವರೇ ನೀರನ್ನು ಅಗಲಿದರು. ಎರಡೂ ಲೋಕಹಿತಕ್ಕಾಗಿ ನಡೆದುವೆಂಬುದು ನಿಜ. ಆದರೆ ಹಿತವನ್ನು ಉಂಡವರು ಬೇರೆ, ಬೆಲೆಯನ್ನು ತೆತ್ತವರು ಬೇರೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು: “ಪ್ರವಾಸಿ ಊಟಕ್ಕೂ ವಸತಿಗೂ ಹಣ ಕೊಡುತ್ತಾನೆ, ಅದರಿಂದ ಅಲ್ಲಿಯವರ ಹೊಟ್ಟೆ ತುಂಬುತ್ತದೆ, ಮತ್ತೆ ಋಣವೆಲ್ಲಿಯದು?” ಮಾತು ಸುಳ್ಳಲ್ಲ, ಆದರೆ ಅರ್ಧ. ಹಣ ಸಂದುದು ಅನ್ನಕ್ಕೆ, ಹಾಸಿಗೆಗೆ. ದಂಡೆಯನ್ನು ತಲೆತಲಾಂತರದಿಂದ ಬಾಳಿ ಉಳಿಸಿದವರಿಗೆ ಆ ನೋಟದ ಬೆಲೆಯನ್ನು ಯಾರೂ ಕೊಟ್ಟಿಲ್ಲ. ಅದು ದಾನವಾಗಿಯೇ ಬಂದಿದೆ. ದಾನ ಪಡೆದವನು ದಾನಿಯ ಕ್ಷೇಮವನ್ನು ಕೇಳದೆ ಹೊರಡುವುದು ಸಭ್ಯತೆಯಲ್ಲ.

ಹಾಗೆಂದು, “ನಿಮ್ಮ ದುಃಖವನ್ನು ಬಲ್ಲೆವು, ನಾವೂ ಮುಳುಗಡೆಯವರು” ಎಂದು ಮುನ್ನುಗ್ಗುವುದೂ ತಪ್ಪು. ರೈತನ ಹೊಲಕ್ಕೆ ಸರ್ವೆ ನಂಬರುಂಟು, ಪರಿಹಾರಕ್ಕೆ ಲೆಕ್ಕವುಂಟು; ಮೀನುಗಾರನ ಕಡಲಿಗೆ ಪಹಣಿಯಿಲ್ಲ. ಹೊಲ ಕಳೆದುಕೊಂಡವನು ಇನ್ನೊಂದು ಹೊಲ ಕೊಂಡಾನು. ದಂಡೆಯಿಂದ ದೂರವಾದ ದೋಣಿಗೆ ಗತಿಯೇನು? ತನ್ನ ನೋವು ಪರರ ನೋವಿನ ಬಾಗಿಲನ್ನು ತೆರೆಯುವ ಕೀಲಿಯಾಗಬೇಕೇ ಹೊರತು ಅದನ್ನು ಅಳೆಯುವ ಕೋಲಾಗಬಾರದು.

ಇಳಕಲ್ಲಿನ ನೇಕಾರರು ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಅಣಿಗೊಳಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಮೈ ಸೆರಗಾಗುವುದಿಲ್ಲ, ಸೆರಗು ಮೈಯಾಗುವುದಿಲ್ಲ. ಆದರೂ ಸೀರೆ ಒಂದೇ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಲ್ಲುವ ಸಂಬಂಧ ಇಂಥದು. ಕಡಲನ್ನು ನೋಡಿ ಮರಳುವವನು ದಂಡೆಯ ಒಬ್ಬನನ್ನಾದರೂ ಊರಾವುದು, ಬದುಕು ಹೇಗೆ ಎಂದು ಕೇಳಿ, ಅವನು ಹೇಳಿದುದನ್ನು ಕೂಡಿಸದೆ ಕಳೆಯದೆ ಮನೆಯವರಿಗೆ ತಿಳಿಸಿದರೆ, ಒಂದು ಕೊಂಡಿ ಬಿದ್ದಂತಾಯಿತು. ಋಣ ಅಷ್ಟರಿಂದಲೇ ತೀರದು. ಋಣವುಂಟೆಂಬ ಅರಿವಾದರೂ ಉಳಿಯುವುದು.