ಪೂಜೆ ಮಾಡಿದ ಕಾರಿನ ಗಾಜು ಒಡೆದರೆ ದೋಷವೇ?

ಪ್ರಶ್ನೆ: ಆಯುಧಪೂಜೆ ದಿನ ಸಾಂಬ್ರಾ ವಿಮಾನ ನಿಲ್ದಾಣದ ಹತ್ತಿರ ಕೀಲಿಕೈ ಕಾರಿನೊಳಗೇ ಉಳಿದು ಬಾಗಿಲು ಲಾಕ್ ಆತು. ಒಳಗೆ ಮೊಮ್ಮಗ ಮಲಗಿದ್ದ. ಗಾಜು ಒಡೆದು ತೆಗೆದೆವು. ಅಪಶಕುನ, ಶಾಂತಿ ಮಾಡಿಸ್ರಿ ಅಂತಾರ. ಏನು ಮಾಡಬೇಕು?
– ಓದುಗರೊಬ್ಬರು, ಸಾಂಬ್ರಾ

ಉತ್ತರ: ಕೂಸು ಆರಾಮ ಐತಲ್ರಿ? ಹಂಗಾದ್ರೆ ದೋಷದ ಮಾತೇ ಇಲ್ಲ. ಮುಚ್ಚಿದ ಕಾರು ಬಿಸಿಲಿನಲ್ಲಿ ನಿಮಿಷಗಳಲ್ಲೇ ಒಲೆಯಂತೆ ಕಾಯುತ್ತದೆ. ಕುಂಕುಮ ಹಚ್ಚಿದ ಗಾಜೆಂದು ನೀವು ಹಿಂದೆ ಮುಂದೆ ನೋಡಿದ್ದರೆ ಅದೇ ದೋಷವಾಗುತ್ತಿತ್ತು. ಮಹಾಭಾರತದ ಶಾಂತಿಪರ್ವದಲ್ಲಿ ಆಪದ್ಧರ್ಮಕ್ಕೆಂದೇ ಒಂದು ಭಾಗವಿದೆ; ಕಷ್ಟಕಾಲದ ನಡೆ ಬೇರೆ ಎಂಬುದು ಹಿರಿಯರಿಗೂ ಗೊತ್ತಿತ್ತು. ಮನಸ್ಸಿಗೆ ಸಮಾಧಾನ ಬೇಕಿದ್ದರೆ, ಹೊಸ ಗಾಜು ಹಾಕಿಸಿದ ದಿನ ಗಣಪತಿಗೆ ಒಂದು ಕಾಯಿ ಒಡೀರಿ, ಸಾಕು. ಶಾಂತಿಯ ಖರ್ಚಿನಲ್ಲಿ ಇನ್ನೊಂದು ಕೀಲಿಕೈ ಮಾಡಿಸಿ, ಮನೆಯವರ ಕಿಸೆಯಲ್ಲಿರಲಿ.